ಮೂಟೆ ಹೊತ್ತವನ ಕೆಲಸ ಸೊನ್ನೆ ಹೇಗಾಗುತ್ತದೆ?

ಪ್ರಶ್ನೆ: ನಾನು ದಾವಣಗೆರೆ ಕಡೆಯವನು. ಮಾರುಕಟ್ಟೆ ಯಾರ್ಡಿನಲ್ಲಿ ಇಪ್ಪತ್ತು ವರ್ಷದಿಂದ ಹಮಾಲಿ ಮಾಡುತ್ತಿದ್ದೇನೆ. ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ವಿಜ್ಞಾನದ ಪುಸ್ತಕ ಹಿಡಿದುಕೊಂಡು ಬಂದು, "ಅಪ್ಪಾ, ತಲೆ ಮೇಲೆ ಮೂಟೆ ಹೊತ್ತು ನೆಲದ ಮೇಲೆ ನಡೆದರೆ ಕೆಲಸ ಸೊನ್ನೆಯಂತೆ. ಹೊತ್ತುಕೊಂಡು ಸುಮ್ನೆ ನಿಂತರೂ ಸೊನ್ನೆಯಂತೆ" ಎಂದು ನಕ್ಕಳು. ನನಗೂ ನಗು ಬಂತು. ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಕೆಲಸ ಸೊನ್ನೆ ಆದರೆ ಸಂಜೆ ಹೊತ್ತಿಗೆ ಬೆನ್ನು ನೋಯುವುದು ಯಾಕೆ? ಅಂಗಿ ಒದ್ದೆಯಾಗುವುದು ಯಾಕೆ? ಪುಸ್ತಕದಲ್ಲಿ ತಪ್ಪಿದೆಯಾ ಸರ್?

ಉತ್ತರ: ಪುಸ್ತಕದಲ್ಲಿ ತಪ್ಪಿಲ್ಲ. ನಿಮ್ಮ ಬೆನ್ನೂ ಸುಳ್ಳು ಹೇಳುತ್ತಿಲ್ಲ. ಪುಸ್ತಕ ಬರೆದಿರುವುದು ಮೂಟೆಯ ಲೆಕ್ಕ, ನೀವು ಕೇಳುತ್ತಿರುವುದು ನಿಮ್ಮ ಮೈಯ ಲೆಕ್ಕ. ಎರಡೂ ಬೇರೆ ಬೇರೆ ಖಾತೆ. ಈ ಮಾತನ್ನು ಪುಸ್ತಕದಲ್ಲೇ ಒಂದು ಸಾಲು ಬರೆದಿದ್ದರೆ ಇಷ್ಟು ಗೊಂದಲ ಆಗುತ್ತಿರಲಿಲ್ಲ. ನಾನೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನೇ. ಎಷ್ಟೋ ವರ್ಷ 'ಕೆಲಸ = 0' ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಮುಂದಿನ ಲೆಕ್ಕಕ್ಕೆ ಹೋಗಿದ್ದೇನೆ. ಎದುರಿಗೆ ಕೂತವರಲ್ಲಿ ಹಮಾಲರ ಮಕ್ಕಳೂ ಇರಬಹುದು ಎಂದು ಆಗ ಹೊಳೆದೇ ಇರಲಿಲ್ಲ.

ಮೊದಲು ಮೂಟೆಯ ಖಾತೆ ನೋಡೋಣ. ಪುಸ್ತಕದಲ್ಲಿ ಕೆಲಸ ಎಂದರೆ ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದ ಲೆಕ್ಕ. 50 ಕಿಲೋ ಮೆಕ್ಕೆಜೋಳದ ಚೀಲ ಎಂದಿಟ್ಟುಕೊಳ್ಳಿ. ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತಿದೆ. ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ, ಆ ಎಳೆತ ಸುಮಾರು 500 ನ್ಯೂಟನ್. (ಕಿಲೋಗೆ 9.8 ಎಂದು ಗುಣಿಸಬೇಕು. ಲೆಕ್ಕ ಸುಲಭವಾಗಲಿ ಅಂತ 10 ಹಿಡಿದಿದ್ದೇನೆ.) ಚೀಲವನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿ ನಿಮ್ಮ ತಲೆ ಮೇಲಿಟ್ಟರೆ ಆದ ಕೆಲಸ 500ಕ್ಕೆ ಒಂದೂವರೆ ಪಟ್ಟು, ಅಂದರೆ 750 ಜೂಲ್. ಒಂದು ಜೂಲ್ ಎಷ್ಟು ಎಂದು ಕೈಗೆ ತಿಳಿಯಬೇಕಾದರೆ 100 ಗ್ರಾಂ ಸೋಪಿನ ಬಿಲ್ಲೆಯನ್ನು ನೆಲದಿಂದ ಸೊಂಟದೆತ್ತರಕ್ಕೆ, ಒಂದು ಮೀಟರ್, ಎತ್ತಿ ನೋಡಿ. ಅಷ್ಟೇ.

ಈ 750 ಜೂಲ್ ಎಲ್ಲಿಗೆ ಹೋಯಿತು? ಮೂಟೆಯ ಖಾತೆಗೆ ಜಮಾ ಆಯಿತು. ತಲೆಯಿಂದ ಕೈ ಬಿಟ್ಟರೆ ಅದು ಢಬ್ ಎಂದು ಬೀಳುತ್ತದೆ, ಧೂಳೆಬ್ಬಿಸುತ್ತದೆ, ಕಾಲ ಮೇಲೆ ಬಿದ್ದರೆ ಬೆರಳು ಮುರಿಯುತ್ತದೆ. ಆ ಜಮಾ ಹಣ ಖರ್ಚಾಗುವುದು ಹೀಗೆ.

ಈಗ ಗೋಡೌನಿನಿಂದ ಲಾರಿಯವರೆಗೆ ನೂರು ಮೀಟರ್ ನಡೆಯಿರಿ. ನೆಲ ಮಟ್ಟವಾಗಿದೆ. ಲಾರಿ ಹತ್ತಿರ ಬಂದಾಗಲೂ ಮೂಟೆ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲೇ ಇದೆ. ಗೋಡೌನಿನ ಬಾಗಿಲಲ್ಲಿ ಬಿಟ್ಟಿದ್ದರೆ ಎಷ್ಟು ಜೋರಾಗಿ ಬೀಳುತ್ತಿತ್ತೋ ಇಲ್ಲಿ ಬಿಟ್ಟರೂ ಅಷ್ಟೇ ಜೋರಾಗಿ ಬೀಳುತ್ತದೆ. ಸದ್ದು ಅದೇ, ಧೂಳು ಅದೇ. ಅಂದರೆ ಆ ನೂರು ಮೀಟರಿನಲ್ಲಿ ಮೂಟೆಯ ಖಾತೆಗೆ ಒಂದು ಪೈಸೆಯೂ ಹೊಸದಾಗಿ ಸೇರಲಿಲ್ಲ. ಪುಸ್ತಕ ಸೊನ್ನೆ ಎನ್ನುವುದು ಇದಕ್ಕೇ. ಬಲ ಮೇಲಕ್ಕಿದೆ, ನಡಿಗೆ ಅಡ್ಡಕ್ಕಿದೆ, ಎರಡರ ನಡುವೆ 90 ಡಿಗ್ರಿ ಎಂದು ನಿಮ್ಮ ಮಗಳು ಬರೆಯುವುದು ಈ 'ಸದ್ದು ಅದೇ' ಎಂಬ ಮಾತನ್ನೇ.

ಕಟ್ಟುನಿಟ್ಟಾಗಿ ನೋಡಿದರೆ ನಡುವೆ ಅಲ್ಪಸ್ವಲ್ಪ ಲೇವಾದೇವಿ ಇದೆ. ಹೊರಡುವಾಗ ಮೂಟೆಗೆ ಸ್ವಲ್ಪ ವೇಗ ಕೊಡಬೇಕು. ಸೆಕೆಂಡಿಗೆ ಒಂದು ಮೀಟರ್ ನಡಿಗೆಗೆ 25 ಜೂಲ್. ನಿಲ್ಲುವಾಗ ಅದನ್ನು ವಾಪಸ್ ತೆಗೆದುಕೊಳ್ಳುತ್ತೀರಿ. ಪ್ರತಿ ಹೆಜ್ಜೆಗೂ ತಲೆ ಕೆಲವು ಸೆಂಟಿಮೀಟರ್ ಏರಿ ಇಳಿಯುತ್ತದೆ, ಅದರ ಜೊತೆ ಮೂಟೆಯೂ ಏರಿಳಿಯುತ್ತದೆ. ಕೊಟ್ಟಿದ್ದು, ತಗೊಂಡಿದ್ದು ಸಮ. ಕೊನೆಯ ಬಾಕಿ ಸೊನ್ನೆ.

ಈ ಗೊಂದಲಕ್ಕೆ ಅರ್ಧ ಕಾರಣ ಪದದ್ದು. ನಮ್ಮಲ್ಲಿ ಕೆಲಸ ಎಂದರೆ ದುಡಿಮೆ, ನೌಕರಿ, ಮನೆವಾರ್ತೆ, ಎಲ್ಲವೂ. "ಮಗನಿಗೆ ಕೆಲಸ ಸಿಕ್ತಾ?" ಎಂದು ಕೇಳುವಾಗ ಯಾರೂ ಜೂಲ್ ನೆನೆಯುವುದಿಲ್ಲ. ಇದು ಕನ್ನಡದ ತಪ್ಪಲ್ಲ. ಫ್ರಾನ್ಸಿನ ವಿಜ್ಞಾನಿ ಕೊರಿಯೋಲಿಸ್ 1829ರಲ್ಲಿ ಯಂತ್ರಗಳ ಬಗ್ಗೆ ಬರೆಯುತ್ತಾ ಬಲವನ್ನು ದೂರದಿಂದ ಗುಣಿಸಿದ ಲೆಕ್ಕಕ್ಕೆ ಒಂದು ಹೆಸರಿಟ್ಟ. ಅವನು ಆರಿಸಿದ್ದು 'ತ್ರವೈ' ಎಂಬ ಪದ. ಫ್ರೆಂಚರಿಗೆ ಅದು ದಿನಬಳಕೆಯಲ್ಲಿ ದುಡಿಮೆ ಎಂಬ ಅರ್ಥದ್ದೇ. ಅವನ ಕಣ್ಣೆದುರು ಇದ್ದದ್ದು ಯಂತ್ರಗಳು. ಎಷ್ಟು ನೀರು ಎಷ್ಟು ಮೇಲಕ್ಕೆ ಬಂತು, ಎಷ್ಟು ಕಲ್ಲು ಎಷ್ಟು ಎತ್ತರಕ್ಕೆ ಹೋಯಿತು, ಇದನ್ನು ಅಳೆಯಬೇಕಿತ್ತು. ಎತ್ತಿದವನಿಗೆ ಎಷ್ಟು ಸುಸ್ತಾಯಿತು ಎಂಬುದು ಆ ಲೆಕ್ಕದಲ್ಲಿ ಇರಲೇ ಇಲ್ಲ. ಆ ಪದವೇ ಅನುವಾದ ಆಗುತ್ತಾ ಆಗುತ್ತಾ ನಿಮ್ಮ ಮಗಳ ಪುಸ್ತಕದವರೆಗೆ ಬಂದಿದೆ. 'ಕೆಲಸ' ಎನ್ನುವ ಬದಲು 'ವಸ್ತುವಿಗೆ ದಾಟಿದ ಶಕ್ತಿ' ಎಂದು ಕರೆದಿದ್ದರೆ ನೀವು ನನಗೆ ಈ ಪತ್ರ ಬರೆಯುತ್ತಿರಲಿಲ್ಲ.

ಇನ್ನು ನಿಮ್ಮ ಮೈಯ ಖಾತೆ. ನನಗೆ ಇಷ್ಟವಾದ ಭಾಗ ಇದು.

ಮೂಟೆಯನ್ನು ಒಂದು ಕಟ್ಟೆಯ ಮೇಲಿಡಿ. ಕಟ್ಟೆಯೂ 500 ನ್ಯೂಟನ್ ಬಲದಿಂದಲೇ ಮೂಟೆಯನ್ನು ಮೇಲಕ್ಕೆ ತಳ್ಳಿ ಹಿಡಿದಿರುತ್ತದೆ. ನಿಮ್ಮ ತಲೆ ಮಾಡಿದ್ದನ್ನೇ ಅದು ಮಾಡುತ್ತಿದೆ. ನೂರು ವರ್ಷ ಹಾಗೇ ಹಿಡಿದಿರಲಿ, ಕಟ್ಟೆಗೆ ಊಟ ಬೇಡ, ಬೆವರಿಲ್ಲ. ಹಾಗಾದರೆ ಬಲ ಕೊಡುವುದಕ್ಕೆ ಶಕ್ತಿ ಬೇಕೇ ಬೇಕು ಎಂದೇನಿಲ್ಲ, ಅಲ್ವಾ? ಬಲಕ್ಕೆ ಖರ್ಚಿಲ್ಲ. ಖರ್ಚಿರುವುದು ಆ ಬಲವನ್ನು ಸ್ನಾಯುವಿನಿಂದ ಹುಟ್ಟಿಸುವುದಕ್ಕೆ.

ಸ್ನಾಯುವಿನ ಒಳಗೆ ಏನಾಗುತ್ತದೆ ಎಂದರೆ, ಅಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ಎಳೆ ಹಗ್ಗದ ಹಾಗೆ. ಇನ್ನೊಂದರ ತುಂಬ ಪುಟ್ಟ ಪುಟ್ಟ ಕೈಗಳು. ಈ ಕೈಗಳನ್ನು ಮಯೋಸಿನ್ ಎನ್ನುತ್ತಾರೆ, ಹಗ್ಗವನ್ನು ಆ್ಯಕ್ಟಿನ್. ಜಾತ್ರೆಯಲ್ಲಿ ತೇರಿನ ಮಿಣಿ ಹಿಡಿದು ಜನ ಜಗ್ಗುವುದನ್ನು ನೆನೆಯಿರಿ. ಹಿಡಿ, ಎಳೆ, ಬಿಡು, ಮುಂದೆ ಹಿಡಿ. ಒಂದೊಂದು ಕೈ ಒಂದು ಸಲಕ್ಕೆ ಎಳೆಯುವುದು ಮಿಲಿಮೀಟರಿನ ಲಕ್ಷದ ಒಂದು ಭಾಗದಷ್ಟು ದೂರ ಮಾತ್ರ. ಹಾಗೆ ಹಿಡಿದು ಬಿಡುವ ಪ್ರತಿ ಸುತ್ತಿಗೂ ಎಟಿಪಿ ಎಂಬ ಒಂದು ಕಣ ಖರ್ಚಾಗುತ್ತದೆ. ಆ ಕಣ ತಯಾರಾಗುವುದು ನೀವು ತಿಂದ ಮುದ್ದೆ, ರೊಟ್ಟಿಯಿಂದ.

ನೀವು ಮೂಟೆ ಹೊತ್ತು ಅಲ್ಲಾಡದೆ ನಿಂತಾಗ ಈ ತೇರೂ ನಿಂತಿದೆ. ಆದರೆ ಜಗ್ಗುವವರು ನಿಂತಿಲ್ಲ. ಒಂದು ಕೈ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಇಂಥ ಎಳೆಗಳ ಕಟ್ಟೇ ಸ್ನಾಯುವಿನ ನಾರು. ಒಂದು ನಾರು ಎಳೆದು ಸಡಿಲವಾಗುತ್ತದೆ, ಪಕ್ಕದ ನಾರು ಎಳೆಯುತ್ತದೆ. ಹೊರಗಿನಿಂದ ನೋಡಿದರೆ ಸ್ಥಿರ, ಒಳಗೆ ಕೋಟಿಗಟ್ಟಲೆ ಸಣ್ಣ ಜಗ್ಗಾಟ. ಪ್ರತಿ ಜಗ್ಗಾಟದ ಶಕ್ತಿಯೂ ಕೊನೆಗೆ ಶಾಖವಾಗುತ್ತದೆ. ಮೂಟೆಗೆ ಅದರಲ್ಲಿ ಏನೂ ದಾಟುವುದಿಲ್ಲ.

ಇದನ್ನು ಮಗಳಿಗೆ ಮನೆಯಲ್ಲೇ ತೋರಿಸಬಹುದು. ಒಂದು ಲೀಟರ್ ನೀರಿನ ಬಾಟಲಿಯನ್ನು ಕೈ ನೇರ ಚಾಚಿ ಹಿಡಿಯಲು ಹೇಳಿ. ಮೊದಲ ಅರ್ಧ ನಿಮಿಷ ನಗುತ್ತಾಳೆ. ಆಮೇಲೆ ಬಾಟಲಿಯ ನೀರಿನ ಮೇಲ್ಮೈ ನೋಡಿ. ಸಣ್ಣಗೆ ಅದುರಲು ಶುರುವಾಗುತ್ತದೆ, ಸೆಕೆಂಡಿಗೆ ಸುಮಾರು ಹತ್ತು ಸಲ. ಒಳಗೆ ನಾರುಗಳು ಪಾಳಿಯ ಮೇಲೆ ಎಳೆದು ಬಿಡುತ್ತಿರುವುದೇ ಹೊರಗೆ ಹಾಗೆ ಕಾಣುತ್ತದೆ. ಅದೇ ಬಾಟಲಿಯನ್ನು ಮೇಜಿನ ಮೇಲಿಟ್ಟರೆ ನೀರು ಕನ್ನಡಿಯ ಹಾಗೆ ನಿಲ್ಲುತ್ತದೆ.

ಈ ಕೈಗಳ ಬಗ್ಗೆ ಇನ್ನೊಂದು ವಿಚಿತ್ರ ಇದೆ. ಎಟಿಪಿ ಬೇಕಾಗಿರುವುದು ಹಿಡಿತ ಬಿಡಿಸುವುದಕ್ಕೆ. ಜೀವ ಹೋದ ಮೇಲೆ ಎಟಿಪಿ ಮುಗಿಯುತ್ತದೆ, ಹಿಡಿದ ಕೈಗಳು ಹಿಡಿದ ಹಾಗೇ ಕೂತುಬಿಡುತ್ತವೆ. ಕೆಲವು ಗಂಟೆಗಳಲ್ಲಿ ಶವ ಸೆಟೆದುಕೊಳ್ಳುವುದು ಅದಕ್ಕೇ. ಆಗ ಆ ಸ್ನಾಯು ನಿಮ್ಮ ಕಟ್ಟೆಯ ಹಾಗೆ, ಬಿಗಿ ಇದೆ, ಖರ್ಚಿಲ್ಲ. ಬಾವಲಿ ಇಡೀ ಹಗಲು ತಲೆಕೆಳಗಾಗಿ ನೇತಾಡಿಯೂ ಸುಸ್ತಾಗದೆ ಇರುವುದಕ್ಕೆ ಬೇರೆ ಉಪಾಯ ಇದೆ. ಅದರ ಕಾಲಿನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಕೊಂಡಿಯ ಹಾಗೆ ಸಿಕ್ಕಿಕೊಳ್ಳುತ್ತದೆ. ಅದರ ಸ್ವಂತ ಭಾರವೇ ಹಿಡಿತವನ್ನು ಬಿಗಿ ಮಾಡುತ್ತದೆ. ನಮಗೆ ಆ ಸೌಲಭ್ಯ ಇಲ್ಲ.

ಈಚೆಗೆ ಹೊಲಕ್ಕೆ ಔಷಧಿ ಸಿಂಪಡಿಸಲು ಡ್ರೋನ್ ಬಂದಿವೆಯಲ್ಲ, ಅದನ್ನು ನೋಡಿದರೂ ಇದು ಅರ್ಥವಾಗುತ್ತದೆ. ಗಾಳಿಯಲ್ಲಿ ಒಂದೇ ಕಡೆ ನಿಂತ ಡ್ರೋನ್ ಮೇಲೆ ಆಗುತ್ತಿರುವ ಕೆಲಸ ಸೊನ್ನೆ. ಅದು ಏರುತ್ತಿಲ್ಲ, ಇಳಿಯುತ್ತಿಲ್ಲ. ಆದರೂ ನಿಮಿಷಗಳಲ್ಲಿ ಬ್ಯಾಟರಿ ಖಾಲಿ. ಅದು ಬಿಡದೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತಿರಬೇಕು, ಶಕ್ತಿ ಆ ಗಾಳಿಗೆ ಹೋಗುತ್ತದೆ. ಡ್ರೋನಿಗೆ ಗಾಳಿ ಹೇಗೋ ನಿಮಗೆ ನಿಮ್ಮದೇ ಮೈಶಾಖ ಹಾಗೆ.

ಲಾರಿ ಲೋಡು ಮಾಡುವ ಲೆಕ್ಕ ಹಾಕಿದರೆ ಎರಡು ಖಾತೆಗಳ ಅಂತರ ಇನ್ನೂ ಚೆನ್ನಾಗಿ ಕಾಣುತ್ತದೆ. ಲಾರಿಯ ತಳ ನೆಲದಿಂದ 1.2 ಮೀಟರ್, ನಡುವೆ ಹಲಗೆ ಹಾಕಿದ್ದೀರಿ ಎನ್ನೋಣ. ಒಂದು ಮೂಟೆಗೆ ಕೊನೆಯಲ್ಲಿ ಸಿಕ್ಕಿದ್ದು 500ಕ್ಕೆ 1.2 ಪಟ್ಟು, 600 ಜೂಲ್. ನಿಮ್ಮ ತಲೆಗೆ ಹೊರಿಸಲು ಇಬ್ಬರು ಕೊಟ್ಟ 750 ಜೂಲ್ ಲಾರಿಯೊಳಗೆ ಮೂಟೆ ಕೆಡವಿದಾಗ ಢಬ್ ಎಂದು ಹೋಯಿತು. ಆದರೆ ಹಲಗೆ ಹತ್ತಿದ್ದು ಮೂಟೆ ಒಂದೇ ಅಲ್ಲ. ನಿಮ್ಮ ತೂಕ 60 ಕಿಲೋ ಇದ್ದರೆ ನಿಮ್ಮ ಮೈಯನ್ನು 1.2 ಮೀಟರ್ ಏರಿಸಲು 720 ಜೂಲ್ ಬೇಕು. ಮೂಟೆಗಿಂತ ನಿಮ್ಮನ್ನು ನೀವೇ ಹೊತ್ತ ಲೆಕ್ಕ ಜಾಸ್ತಿ! ಬರಿಗೈಯಲ್ಲಿ ಕೆಳಗಿಳಿಯುವಾಗ ಆ 720 ಜೂಲ್ ಕಾಲಿನಲ್ಲೇ ಶಾಖವಾಗಿ ಮುಗಿಯುತ್ತದೆ. ಮುಂದಿನ ಮೂಟೆಗೆ ಮತ್ತೆ ಹೊಸದಾಗಿ ಕೊಡಬೇಕು.

ಇನ್ನೂರು ಮೂಟೆ, ಹತ್ತು ಟನ್ ಆಯಿತು. ಮೂಟೆಗಳ ಖಾತೆಗೆ ಸೇರಿದ್ದು 1,20,000 ಜೂಲ್. ನಿಮ್ಮ ಮೈ ಏರಿಸಿದ್ದಕ್ಕೆ 1,44,000. ಒಟ್ಟು 2,64,000. ನಮ್ಮ ಸ್ನಾಯು ಒಳ್ಳೇ ಯಂತ್ರವೇ, ಆದರೂ ಆಹಾರದಿಂದ ಬಂದ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಹೀಗೆ ಎತ್ತುವುದಕ್ಕೆ ಬಳಸಬಲ್ಲದು. ಉಳಿದ ಮುಕ್ಕಾಲು ಶಾಖ. ಹಾಗಾಗಿ ಹಲಗೆ ಹತ್ತಿದ್ದಕ್ಕೇ ಸುಮಾರು ಹತ್ತೂವರೆ ಲಕ್ಷ ಜೂಲ್, ಅಂದರೆ 250 ಕಿಲೋಕ್ಯಾಲರಿ. ಹೆಚ್ಚುಕಡಿಮೆ ಒಂದು ಮುದ್ದೆ. ಹೊತ್ತು ನಿಂತದ್ದು, ನಡೆದದ್ದು, ಬಗ್ಗಿದ್ದು, ಉಸಿರು ಬಿಟ್ಟದ್ದು ಇದರಲ್ಲಿ ಬಂದಿಲ್ಲ. ಅವೆಲ್ಲ ಸೇರಿ ನಿಮ್ಮಂತೆ ದುಡಿಯುವವರಿಗೆ ದಿನಕ್ಕೆ 3,000 ಕಿಲೋಕ್ಯಾಲರಿಗಿಂತ ಜಾಸ್ತಿ ಊಟ ಬೇಕು.

ಆ ಶಾಖ ಮೈಯಲ್ಲೇ ಉಳಿದರೆ ಜ್ವರ ಬಂದ ಹಾಗಾಗುತ್ತದೆ. ಅದಕ್ಕೇ ಬೆವರು. ಒಂದು ಲೀಟರ್ ಬೆವರು ಆರಿ ಹೋಗುವಾಗ ಸುಮಾರು 24 ಲಕ್ಷ ಜೂಲ್ ಶಾಖ ಹೊತ್ತುಕೊಂಡು ಹೋಗುತ್ತದೆ. ಹಲಗೆ ಹತ್ತಿದ ಖರ್ಚಿನ ಎರಡು ಪಟ್ಟಿಗಿಂತ ಜಾಸ್ತಿ. ನೀವು ಕೇಳಿದ ಒದ್ದೆ ಅಂಗಿಗೆ ಕಾರಣ ಇದು. ಮೂಟೆಯ ಖಾತೆಯಲ್ಲಿ ಎಲ್ಲೂ ಕಾಣದ ಖರ್ಚಿನ ರಸೀದಿ ನಿಮ್ಮ ಅಂಗಿಯ ಮೇಲಿದೆ.

ಇನ್ನೊಂದು ಹೋಲಿಕೆ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕರೆಂಟಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಹತ್ತು ಟನ್ ಮಾಲು ಲಾರಿಗೆ ಏರಿದ್ದರಲ್ಲಿ ಮೂಟೆಗಳಿಗೆ ಸೇರಿದ ಕೆಲಸ ಒಂದು ಯೂನಿಟ್ಟಿನ ಮೂವತ್ತನೇ ಒಂದು ಭಾಗ. ಯೂನಿಟ್ಟಿಗೆ ಆರು ರೂಪಾಯಿ ಎಂದರೆ ಇಪ್ಪತ್ತು ಪೈಸೆ. ಜೂಲ್ ಲೆಕ್ಕದಲ್ಲಿ ಕೂಲಿ ಕೊಡುತ್ತೇನೆ ಎಂದು ಯಾವ ವರ್ತಕನಾದರೂ ಹೇಳಿದರೆ ಅವನನ್ನು ಅದೇ ಹಲಗೆ ಮೇಲೆ ಒಂದು ಸಲ ಹತ್ತಿಸಿ. ಯಂತ್ರಕ್ಕೂ ಆಳಿಗೂ ಇರುವ ಈ ಅಂತರ ಜೇಮ್ಸ್ ವ್ಯಾಟ್ ಕಾಲಕ್ಕೇ ವ್ಯಾಪಾರದ ಮಾತಾಗಿತ್ತು. ತನ್ನ ಉಗಿಯಂತ್ರ ಎಷ್ಟು ಕುದುರೆಗೆ ಸಮ ಎಂದು ಗಿರಾಕಿಗಳಿಗೆ ಹೇಳಬೇಕಿತ್ತು, ಅದಕ್ಕೇ ಅವನು 'ಹಾರ್ಸ್‌ಪವರ್' ಲೆಕ್ಕ ಕಟ್ಟಿದ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ದಿನವಿಡೀ ದುಡಿಯುವ ಆಳು ಕೊಡಬಲ್ಲದ್ದು ಸುಮಾರು 75 ವ್ಯಾಟ್. ಹೊಲದಲ್ಲಿ ಐದು ಎಚ್‌ಪಿ ಮೋಟಾರು ಹಾಕಿದವನು ಐವತ್ತು ಆಳು ನಿಲ್ಲಿಸಿದ ಹಾಗೆ.

ತಳ್ಳುಗಾಡಿಯ ವಿಷಯ ಇನ್ನೂ ತಮಾಷೆ. ಅದೇ ಮೂಟೆಯನ್ನು ಗಾಡಿಯ ಮೇಲಿಟ್ಟು ನೂರು ಮೀಟರ್ ತಳ್ಳಿ. ಚಕ್ರದ ಘರ್ಷಣೆಗೆ ಎದುರಾಗಿ 20 ನ್ಯೂಟನ್ ತಳ್ಳಬೇಕು ಎಂದಿಟ್ಟುಕೊಂಡರೆ 2,000 ಜೂಲ್ ಕೆಲಸ. ತಲೆ ಮೇಲೆ ಹೊತ್ತರೆ ಸೊನ್ನೆ, ತಳ್ಳಿದರೆ ಎರಡು ಸಾವಿರ. ಪುಸ್ತಕದ ಪ್ರಕಾರ ಗಾಡಿ ತಳ್ಳಿದವನೇ ಜಾಸ್ತಿ ಕೆಲಸ ಮಾಡಿದ. ನಿಮ್ಮ ಮೈಗೆ ಕೇಳಿದರೆ ಉತ್ತರ ಉಲ್ಟಾ. ಕಾರಣ ಗೊತ್ತಾಯಿತಲ್ಲ? ಗಾಡಿಯಲ್ಲಿ 500 ನ್ಯೂಟನ್ ಭಾರ ಹಿಡಿದದ್ದು ಅಚ್ಚು ಮತ್ತು ಚಕ್ರ. ಅವೂ ಕಟ್ಟೆಯ ಜಾತಿಯವು, ಊಟ ಕೇಳುವುದಿಲ್ಲ. ಮಗಳಿಗೆ ಈ ಲೆಕ್ಕ ಹೇಳಿ, ಅವಳ ಮೇಷ್ಟ್ರನ್ನು ಕೇಳಲಿ.

ಹಾಗಂತ ಎಲ್ಲರ ನಡಿಗೆಯೂ ಒಂದೇ ಅಲ್ಲ. ಕೀನ್ಯಾದ ಲುವೋ ಮತ್ತು ಕಿಕುಯು ಹೆಂಗಸರು ತಲೆಯ ಮೇಲೆ, ಹಣೆಪಟ್ಟಿಯಲ್ಲಿ ಹೊರೆ ಹೊರುತ್ತಾರೆ. ಅವರ ಉಸಿರಿನ ಆಮ್ಲಜನಕ ಅಳೆದ ವಿಜ್ಞಾನಿಗಳು 1986ರಲ್ಲಿ ಒಂದು ಅಚ್ಚರಿ ಪ್ರಕಟಿಸಿದರು. ತಮ್ಮ ತೂಕದ ಐದನೇ ಒಂದು ಭಾಗದವರೆಗೆ ಹೊರೆ ಇದ್ದರೂ ಅವರಿಗೆ ಹೆಚ್ಚಿನ ಖರ್ಚೇ ಆಗುತ್ತಿರಲಿಲ್ಲ. ನಡಿಗೆಯಲ್ಲಿ ಮೈ ಲೋಲಕದ ಹಾಗೆ ಏರಿಳಿಯುತ್ತದೆ. ಇಳಿಯುವಾಗ ಸಿಗುವ ಶಕ್ತಿಯನ್ನು ಮುಂದಿನ ಹೆಜ್ಜೆಗೆ ಅವರು ನಮಗಿಂತ ಚೆನ್ನಾಗಿ ಉಳಿಸಿಕೊಳ್ಳುತ್ತಾರೆ. ನೇಪಾಳದಲ್ಲಿ ಎವರೆಸ್ಟ್ ದಾರಿಯ ಹಮಾಲರನ್ನು ತೂಗಿ ನೋಡಿದಾಗ ಗಂಡಸರು ಸರಾಸರಿ ತಮ್ಮ ತೂಕದ ನೂರಕ್ಕೆ 93ರಷ್ಟು ಹೊತ್ತಿದ್ದರು. ಅದು 2005ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷದ ನಿಮ್ಮ ನಡಿಗೆಯೂ ಹೊಸಬನ ನಡಿಗೆಯ ಹಾಗಿರುವುದಿಲ್ಲ. ಅದನ್ನು ನೀವೇ ಗಮನಿಸಿರುತ್ತೀರಿ.

ಹಳಬರಿಗೆ ಈ ಎರಡು ಖಾತೆ ಗೊತ್ತಿತ್ತು, ಸೂತ್ರ ಗೊತ್ತಿರಲಿಲ್ಲ ಅಷ್ಟೇ. ತಮಿಳುನಾಡಿನ ಹಳೇ ದಾರಿಗಳ ಪಕ್ಕ ಎರಡು ಕಂಬ ನಿಲ್ಲಿಸಿ ಮೇಲೆ ಅಡ್ಡ ಕಲ್ಲು ಹಾಸಿದ್ದನ್ನು ನೋಡಿದ್ದೇನೆ. 'ಸುಮೈತಾಂಗಿ' ಎನ್ನುತ್ತಾರೆ, ಹೊರೆ ತಾಳುವ ಕಲ್ಲು. ಕೇರಳದಲ್ಲಿ 'ಚುಮಡುತಾಂಗಿ'. ಅದರ ಎತ್ತರ ನೋಡಿ. ನೆಲಮಟ್ಟದಲ್ಲಿಲ್ಲ, ಆಳಿನ ಹೆಗಲು ತಲೆಯ ಹತ್ತಿರ ಇದೆ. ಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ತಲೆಗೇರಿಸಲು 750 ಜೂಲ್ ಬೇಕು, ಹೊರಿಸಲು ಇನ್ನೊಬ್ಬ ಬೇಕು. ಒಂಟಿ ದಾರಿಯಲ್ಲಿ ಯಾರು ಸಿಗುತ್ತಾರೆ? ಈ ಕಲ್ಲಿಗೆ ಸುಮ್ನೆ ಅಡ್ಡಕ್ಕೆ ಜಾರಿಸಿದರೆ ಸಾಕು. ಮೂಟೆಯ ಖಾತೆ ಹಾಗೇ ಇರುತ್ತದೆ, ಸ್ನಾಯುವಿನ ಖರ್ಚು ನಿಲ್ಲುತ್ತದೆ. ಎಲೆಅಡಿಕೆ ಹಾಕಿಕೊಂಡು ಮತ್ತೆ ತಲೆಗೆ ಜಾರಿಸಿಕೊಂಡರಾಯಿತು. ಗೋಡೌನಿನ ಬಾಗಿಲಲ್ಲಿ ಅಷ್ಟೆತ್ತರದ ಒಂದು ಕಟ್ಟೆ ಇದ್ದರೆ ನಿಮಗೂ ಒಳ್ಳೆಯದು.

ಬೆನ್ನು ನೋವಿನ ಬಗ್ಗೆ ಒಂದೇ ಮಾತು. ಏರಿಸುವುದಕ್ಕಿಂತ ತಡೆದು ತಡೆದು ಇಳಿಸುವಾಗ ಸ್ನಾಯುವಿನ ನಾರಿಗೆ ಪೆಟ್ಟು ಜಾಸ್ತಿ. ಮರುದಿನದ ಮೈಕೈ ನೋವು ಹೆಚ್ಚಾಗಿ ಅದರಿಂದ. ಪುಸ್ತಕದಲ್ಲಿ ಇಳಿಸುವುದನ್ನು ಋಣ ಕೆಲಸ ಎನ್ನುತ್ತಾರೆ, ಅಂದರೆ ಮೂಟೆ ನಿಮಗೆ ಶಕ್ತಿ ವಾಪಸ್ ಕೊಡುತ್ತಿದೆ. ಮೆಟ್ರೋ ರೈಲು ಬ್ರೇಕ್ ಹಾಕುವಾಗ ಆ ಶಕ್ತಿಯನ್ನು ಕರೆಂಟಾಗಿ ತಿರುಗಿಸಿಕೊಳ್ಳುತ್ತದೆ. ನಮ್ಮ ಮೈಗೆ ಅದನ್ನು ಮತ್ತೆ ಮುದ್ದೆಯಾಗಿ ಕಟ್ಟಿಡಲು ಬರುವುದಿಲ್ಲ. ನೋವು ಹಲವು ದಿನ ಬಿಡದಿದ್ದರೆ ಮಾತ್ರ ಡಾಕ್ಟರ್ ಹತ್ತಿರ ಹೋಗಿ, ಅದು ಭೌತಶಾಸ್ತ್ರದ ವಿಷಯ ಅಲ್ಲ.

ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಮಗಳು ಸೊನ್ನೆ ಎಂದೇ ಬರೆಯಲಿ. 'ಗುರುತ್ವಕ್ಕೆ ಎದುರಾಗಿ ಮೂಟೆಯ ಮೇಲೆ ಆದ ಕೆಲಸ' ಎಂದು ಪೂರ್ತಿ ಬರೆಯಲಿ, ಬರೀ 'ಅಪ್ಪನ ಕೆಲಸ' ಎಂದು ಬೇಡ. ಕೊನೆಯಲ್ಲಿ ಜೂಲ್ ಎಂದು ಹಾಕುವುದನ್ನು ಮರೆಯದಿರಲಿ. ಸೊನ್ನೆಯೇ ಆದರೂ ಏಕಮಾನ ಬಿಟ್ಟರೆ ಅರ್ಧ ಅಂಕ ಕಳೆಯುವ ಮೇಷ್ಟ್ರುಗಳಿದ್ದಾರೆ. ನಾನೂ ಕಳೆದಿದ್ದೇನೆ.